ಹಣ್ಣಡಿಕೆಯಂಥ ಮಣ್ಣಿನ ಗುಂಡು: ಹಳೇ ಕಾಲದ ಕವಣೆಗುಂಡನ್ನು ಮನೆಯಲ್ಲೇ ಮಾಡುವ ಬಗೆ

ಸಿಪ್ಪೆ ಸುಲಿಯದ ಹಣ್ಣಡಿಕೆ ಒಂದನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ. ನಡುವೆ ದಪ್ಪ, ಎರಡೂ ತುದಿ ಸಪೂರ. ಬೆರಳು ಮಡಿಸಿದರೆ ಒಳಗೆ ಹಿತವಾಗಿ ಕೂರುತ್ತದೆ. ಐದೂವರೆ ಸಾವಿರ ವರ್ಷದ ಹಿಂದೆ ಸಿರಿಯಾದ ಒಂದು ಊರಿನಲ್ಲಿ ಜನ ಮಣ್ಣಿನಿಂದ ಮಾಡಿ, ಕವಣೆಗೆ, ಅಂದರೆ ಎರಡು ಹುರಿಯ ನಡುವಿನ ತೊಟ್ಟಿಲಿಗೆ, ಇಟ್ಟು ಬೀಸಿದ ಗುಂಡೂ ಹೆಚ್ಚುಕಡಿಮೆ ಇದೇ ಆಕಾರದ್ದು. ಅದನ್ನು ನಮ್ಮ ಕುಮಟಾ, ಅಂಕೋಲಾ, ಶಿರಸಿ ಕಡೆಯ ಮಣ್ಣಿನಲ್ಲಿ, ನಮ್ಮದೇ ಅಂಗಳದ ಬೆಂಕಿಯಲ್ಲಿ ಹೇಗೆ ಮಾಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಮೂರು ಚಳಿಗಾಲ ಇದನ್ನು ಮಾಡಿದ್ದೇನೆ. ಮೊದಲ ವರ್ಷದ್ದು ಬಹುಪಾಲು ಒಡೆದು ಹೋಯಿತು. ಈಗ ಹತ್ತರಲ್ಲಿ ಒಂಬತ್ತು ಸರಿಯಾಗಿ ಬರುತ್ತವೆ.

ಆ ಊರಿನ ಹೆಸರು ಹಮೂಕಾರ್. ಸಿರಿಯಾದ ಈಶಾನ್ಯ ಮೂಲೆಯಲ್ಲಿ, ಇರಾಕ್ ಗಡಿಯ ಹತ್ತಿರ ಇದೆ. 2005ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರೂ ಸಿರಿಯಾದ ಪುರಾತತ್ವ ಇಲಾಖೆಯವರೂ ಸೇರಿ ಅಗೆದಾಗ, ಸುಟ್ಟು ಕುಸಿದ ಗೋಡೆಗಳ ನಡುವೆ ಮೊಟ್ಟೆಯಾಕಾರದ 1,200ಕ್ಕೂ ಹೆಚ್ಚು ಗುಂಡುಗಳು ಸಿಕ್ಕವು. ಜೊತೆಗೆ ಸುಮಾರು 120 ದೊಡ್ಡ ಉಂಡೆಗಳು. ಕ್ರಿ.ಪೂ. 3500ರ ಆಸುಪಾಸಿನ ಕಾಳಗ ಅದು. ಅಲ್ಲಿಯ ಒಂದು ಸಣ್ಣ ಸಂಗತಿ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಒಂದು ಕಟ್ಟಡದ ನೆಲದಲ್ಲಿ, ಸರಕಿಗೆ ಹಾಕಿ ಒಡೆದ ಮಣ್ಣಿನ ಮುದ್ರೆಗಳನ್ನು ನೆನೆಹಾಕಿ ಮತ್ತೆ ಬಳಸಲಿಕ್ಕೆ ಅಂತ ಒಂದು ಗುಂಡಿ ಇತ್ತು. ಆ ಗುಂಡಿಯ ಅಂಚಿಗೆ ಕವಣೆಗುಂಡುಗಳನ್ನು ಸಾಲಾಗಿ ಇಟ್ಟಿದ್ದರು. ಮುದ್ರೆ ಒತ್ತಲು ಇಟ್ಟ ಮಣ್ಣನ್ನೇ ಯಾರೋ ಅವಸರದಲ್ಲಿ ತೆಗೆದು ಗುಂಡು ಮಾಡಿದ್ದಾರೆ. ಪೇಟೆ ಲೆಕ್ಕಪತ್ರದ ಮಣ್ಣು ಯುದ್ಧದ ಮಣ್ಣಾಯಿತು, ಅಲ್ವಾ?

ಯಾಕೆ ಮಣ್ಣು, ಕಲ್ಲು ಸಾಲದೇ ಅಂತ ಕೇಳಬಹುದು. ಕಲ್ಲು ಸಿಗುವ ಕಡೆ ಜನ ಕಲ್ಲನ್ನೇ ಬೀಸಿದ್ದಾರೆ. ಇಂಗ್ಲೆಂಡಿನ ಮೇಡನ್ ಕಾಸಲ್ ಎಂಬ ಗುಡ್ಡದ ಕೋಟೆಯಲ್ಲಿ ಸಮುದ್ರದಂಡೆಯಿಂದ ಹೊತ್ತು ತಂದ 20,000ಕ್ಕೂ ಹೆಚ್ಚು ನುಣುಪು ಕಲ್ಲುಗಳು ರಾಶಿಯಾಗಿ ಸಿಕ್ಕಿವೆ. ನಮ್ಮ ರಾಯಚೂರು, ಬಳ್ಳಾರಿ ಕಡೆಯ ನವಶಿಲಾಯುಗದ ನೆಲೆಗಳಲ್ಲೂ ಕಲ್ಲಿನ ಗುಂಡುಗಳು ಸಿಗುತ್ತವೆ. ಆದರೆ ನದಿ ತಂದು ಹಾಕಿದ ಮೆಕ್ಕಲು ಬಯಲಿನಲ್ಲಿ ಕಲ್ಲೇ ಅಪರೂಪ. ಅಲ್ಲಿ ಮಣ್ಣೇ ಗತಿ. ಮೊಹೆಂಜೊದಾರೊದಲ್ಲಿ ಸುಟ್ಟ ಮಣ್ಣಿನ ಗುಂಡುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವು ಸುಮಾರು 170 ಗ್ರಾಂ ತೂಗುವ ಭಾರದವು.

ಮಣ್ಣಿಗೆ ಇನ್ನೂ ಒಂದು ಗುಣ ಇದೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಹೊಳೆಯಲ್ಲಿ ಆಯ್ದ ಎರಡು ಕಲ್ಲು ಯಾವತ್ತೂ ಒಂದೇ ಥರ ಇರುವುದಿಲ್ಲ. ಒಂದು ಹಗುರ, ಒಂದು ಭಾರ. ಪ್ರತಿ ಸಲ ಕೈ ಹೊಸದಾಗಿ ಅಂದಾಜು ಮಾಡಬೇಕು. ಮಣ್ಣಿನ ಗುಂಡನ್ನು ಒಂದರಂತೆ ಒಂದು ಮಾಡಬಹುದು. ಆಗ ಮೊದಲನೇ ಗುಂಡು ಎಲ್ಲಿ ಬಿತ್ತು ಅನ್ನುವುದನ್ನು ನೋಡಿ ಎರಡನೆಯದನ್ನು ಸರಿಪಡಿಸಿಕೊಳ್ಳಬಹುದು. ಹಾಗಾಗಿ ಒಂದು ಚಂದದ ಗುಂಡು ಮಾಡಿ ಶೋಕೇಸಿನಲ್ಲಿ ಇಟ್ಟರೆ ಈ ಕೆಲಸ ಕಲಿತ ಹಾಗಲ್ಲ. ನಲವತ್ತು ಮಾಡಿ. ನಲವತ್ತೂ ಒಂದೇ ತೂಕ, ಒಂದೇ ಉದ್ದ ಇರಬೇಕು. ಕೆಳಗೆ ಬರೆದಿರುವುದೆಲ್ಲ ಆ ಲೆಕ್ಕದಲ್ಲೇ ಇದೆ.

ಯಾವಾಗ ಶುರು ಮಾಡಬೇಕು

ದೀಪಾವಳಿ ಕಳೆದ ಮೇಲೆ. ಶಿವರಾತ್ರಿ ಒಳಗೆ ಮುಗಿದರೆ ಒಳ್ಳೆಯದು. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮೂರು ಸೆಂಟಿಮೀಟರ್ ದಪ್ಪದ ಮಣ್ಣಿನ ಮುದ್ದೆ ಒಣಗುವುದು ದೂರದ ಮಾತು. ಅಡಿಕೆ ಒಣಗಿಸುವ ಹೊತ್ತೇ ಇದಕ್ಕೂ ಸರಿಯಾದ ಹೊತ್ತು.

ಮಣ್ಣು

ಬೇಕಾದದ್ದು ಒಂದು ಬಕೆಟ್ ಜೇಡಿಮಣ್ಣು. ಅಂಗಳದಲ್ಲಿ ಕಾಣುವ ಕೆಂಪು ಮಣ್ಣು ನೇರವಾಗಿ ಆಗುವುದಿಲ್ಲ. ಅದು ಚಿರೆಕಲ್ಲು ಕರಗಿದ ಮಣ್ಣು, ತುಂಬ ಹರಳು ಇರುತ್ತದೆ, ಅಂಟು ಕಡಿಮೆ. ಘಟ್ಟದ ಮೇಲಿನವರಿಗೆ ಸುಲಭ. ಅಡಿಕೆ ತೋಟದ ಬಸಿಗಾಲುವೆ ಸ್ವಚ್ಛ ಮಾಡುವಾಗ ಅಡಿಯಲ್ಲಿ ಬೂದು ಬಣ್ಣದ ನುಣ್ಣನೆಯ ಮಣ್ಣು ಬರುತ್ತದೆ, ಅದು ಬಹಳ ಚೆನ್ನಾಗಿದೆ. ಕೆರೆ ಹೂಳೂ ಆಗುತ್ತದೆ. ಕರಾವಳಿಯಲ್ಲಿ ಸಿಹಿನೀರಿನ ಗದ್ದೆಯ ಮೇಲ್ಮಣ್ಣು ತೆಗೆದು, ಒಂದು ಒಂದೂವರೆ ಅಡಿ ಕೆಳಗಿನ ಮಣ್ಣು ನೋಡಿ. ಹುತ್ತದ ಮಣ್ಣಿಗೆ ಒಳ್ಳೆಯ ಅಂಟು ಇದೆ. ಆದರೆ ಪೂಜೆ ನಡೆಯುವ ಹುತ್ತವನ್ನು ಮುಟ್ಟಬೇಡಿ. ಮುಟ್ಟುವ ಅಗತ್ಯವೂ ಇಲ್ಲ.

ಮಣ್ಣು ಪರೀಕ್ಷೆ ಮಾಡಲು ಸ್ವಲ್ಪ ಒದ್ದೆ ಮಾಡಿ, ಪೆನ್ಸಿಲ್ ದಪ್ಪಕ್ಕೆ ಬತ್ತಿ ಹೊಸೆಯಿರಿ. ತೋರುಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಆ ಮಣ್ಣು ನಿಮ್ಮದು. ಮುರಿದು ಉದುರಿದರೆ ಬೇರೆ ಜಾಗ ನೋಡಿ.

ಗಜನಿ ಮಣ್ಣಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಉಪ್ಪುನೀರು ಬಂದು ಹೋಗುವ ಕಗ್ಗ ಭತ್ತದ ಗದ್ದೆಗಳಲ್ಲಿ ಬೆಣ್ಣೆಯಂಥ ಕಪ್ಪು ಜೇಡಿ ಇದೆ. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸೇ ಬರುವುದಿಲ್ಲ. ನಾನು ಮೊದಲ ವರ್ಷ ಅದನ್ನೇ ತಂದೆ. ಅರವತ್ತು ಗುಂಡು ಮಾಡಿದೆ, ಒಣಗಿಸಿದೆ, ಸುಟ್ಟೆ. ಬೆಂಕಿಯಿಂದ ತೆಗೆದಾಗ ಎಲ್ಲವೂ ಚಂದ ಇದ್ದವು. ಸ್ಟೀಲ್ ತಟ್ಟೆಯಲ್ಲಿ ಹಾಕಿ ಜಗಲಿ ಮೇಲೆ ಇಟ್ಟೆ. ಮೂರನೇ ದಿನ ಬೆಳಿಗ್ಗೆ ತಟ್ಟೆಯಲ್ಲಿ ಚಕ್ಕೆ ಬಿದ್ದಿದ್ದವು. ಒಂದೊಂದು ಗುಂಡಿನ ಮೈಯಲ್ಲೂ ಸಾಸಿವೆ ಕಾಳಿನಷ್ಟು, ಕೊತ್ತಂಬರಿ ಕಾಳಿನಷ್ಟು ಗುಳಿ. ಗುಳಿಯ ತಳದಲ್ಲಿ ಒಂದು ಬಿಳಿ ಚುಕ್ಕೆ. ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಗುಂಡು ಪುಡಿಯಾಗಿದ್ದವು.

ಒಂದು ಗುಂಡನ್ನು ಹಿಡಿದುಕೊಂಡು ನಮ್ಮ ಕಡೆಯ ಗುನಗರ ಮನೆಗೆ ಹೋದೆ. ತಲೆತಲಾಂತರದಿಂದ ಮಡಕೆ ಮಾಡುವ ಮನೆ. ಅಲ್ಲಿಯ ಅಜ್ಜಿ ಉಗುರಿನಿಂದ ಆ ಬಿಳಿ ಚುಕ್ಕೆ ಕೆರೆದು ನೋಡಿ, "ತಮ್ಮಾ, ಇದ್ರಲ್ಲಿ ಬೆಳಚಿನ ಚಿಪ್ಪಿ ಅದೆ. ಸುಟ್ಟ ಚಿಪ್ಪಿ ಸುಣ್ಣ ಅಲ್ವಾ? ಗಾಳಿ ತಾಗಿದ್ರೆ ಅರಳ್ತದೆ," ಅಂದರು.

ಅಷ್ಟೇ ವಿಷಯ. ಚಿಪ್ಪಿನ ಚೂರು ಜೋರು ಬೆಂಕಿಯಲ್ಲಿ ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ. ಉಬ್ಬಿದ್ದು ಮಣ್ಣನ್ನು ಒಳಗಿನಿಂದ ತಳ್ಳುತ್ತದೆ. ಅದಕ್ಕೇ ಸುಟ್ಟ ದಿನ ಚೆನ್ನಾಗಿದ್ದು, ನಾಲ್ಕು ದಿನ ಬಿಟ್ಟು ಒಡೆಯುತ್ತದೆ. ಇದನ್ನು ಮೊದಲೇ ಕಂಡುಹಿಡಿಯಬಹುದು. ಒಣಮಣ್ಣಿನ ಹೆಂಟೆ ಮೇಲೆ ಲಿಂಬೆರಸ ಹಿಂಡಿ, ಕಿವಿ ಹತ್ತಿರ ಹಿಡಿಯಿರಿ. ಸುಂಯ್ ಅಂತ ನೊರೆ ಬಂದರೆ ಅದರಲ್ಲಿ ಚಿಪ್ಪು ಇದೆ. ಆ ಮಣ್ಣನ್ನು ಸುಡದ ಗುಂಡಿಗೆ ಮಾತ್ರ ಇಟ್ಟುಕೊಳ್ಳಿ. ಗಜನಿ ಮಣ್ಣಿನಲ್ಲಿ ಉಪ್ಪೂ ಇರುವುದರಿಂದ ಒಣಗಿದ ಮೇಲೆ ಮೈಮೇಲೆ ಬಿಳಿ ಪೊರೆ ಬರುತ್ತದೆ. ಅದು ನೋಟಕ್ಕೆ ಮಾತ್ರ ತೊಂದರೆ.

ಮಣ್ಣು ತಂದ ಮೇಲೆ ಪೂರ್ತಿ ಒಣಗಿಸಿ. ಇದು ವಿಚಿತ್ರ ಅನ್ನಿಸಬಹುದು, ಹೇಗೂ ನೀರಿಗೆ ಹಾಕುವುದಲ್ಲವೇ ಅಂತ. ಆದರೆ ಗಟ್ಟಿಯಾಗಿ ಒಣಗಿದ ಹೆಂಟೆ ನೀರಿಗೆ ಬಿದ್ದ ಕೂಡಲೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅರೆಬರೆ ಹಸಿ ಇದ್ದರೆ ವಾರಗಟ್ಟಲೆ ಗಂಟಾಗಿಯೇ ಕೂರುತ್ತದೆ. ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಕೈಯಾಡಿಸಿ ಗಂಜಿಯಂತೆ ಮಾಡಿ. ಹಳೇ ಪಂಚೆಯಲ್ಲಿ ಸೋಸಿ. ಬೇರು, ಹರಳು, ಎಲೆ ಎಲ್ಲ ಮೇಲೆ ನಿಲ್ಲುತ್ತವೆ. ಸೋಸಿದ ಮಣ್ಣು ತಳಕ್ಕೆ ಇಳಿಯುವ ತನಕ ಬಿಟ್ಟು ಮೇಲಿನ ತಿಳಿನೀರು ಚೆಲ್ಲಿ. ಉಪ್ಪಿನ ಮಣ್ಣಾದರೆ ಹೊಸ ನೀರು ಹಾಕಿ ಎರಡು ಮೂರು ಸಲ ಹೀಗೇ ಮಾಡಿ. ಉಳಿದ ರಾಡಿಯನ್ನು ಅದೇ ಪಂಚೆಯಲ್ಲಿ ಗಂಟು ಕಟ್ಟಿ, ಮೊಸರು ಬಸಿಯುವ ಹಾಗೆ ತೂಗುಹಾಕಿ. ಎರಡು ಮೂರು ದಿನದಲ್ಲಿ ಕೈಗೆ ಅಂಟದ ಹದಕ್ಕೆ ಬರುತ್ತದೆ.

ಈಗ ಮರಳು ಸೇರಿಸಬೇಕು. ಐದು ಪಾಲು ಮಣ್ಣಿಗೆ ಒಂದು ಪಾಲು ಹಳ್ಳದ ಸಣ್ಣ ಮರಳು. ಸಮುದ್ರದ ಮರಳು ಬೇಡ. ಅದರಲ್ಲೂ ಉಪ್ಪು, ಚಿಪ್ಪಿನ ಪುಡಿ ಇರುತ್ತದೆ. ಮರಳು ಯಾಕೆ ಅಂದರೆ, ಮಡಕೆಯ ಗೋಡೆ ತೆಳು, ಗುಂಡು ಹಾಗಲ್ಲ, ಪೂರ್ತಿ ಗಟ್ಟಿ. ಒಳಗಿನ ನೀರು ಹೊರಬರಲು ದಾರಿ ಬೇಕು. ಮರಳಿನ ಕಣ ಆ ದಾರಿ ಬಿಡಿಸಿ ಕೊಡುತ್ತದೆ. ಮಣ್ಣು ಒಣಗುವಾಗ ಕುಗ್ಗುವುದೂ ಕಡಿಮೆಯಾಗುತ್ತದೆ. ಭತ್ತದ ಹೊಟ್ಟನ್ನು ಪುಡಿ ಮಾಡಿ ಒಂದು ಹಿಡಿ ಹಾಕಿದರೂ ಆಗುತ್ತದೆ. ಹಳೇ ಕಾಲದ ಮಣ್ಣಿನ ಕೆಲಸದಲ್ಲಿ ಹೊಟ್ಟು ಬೆರೆಸುವುದು ಸಾಮಾನ್ಯವಾಗಿತ್ತು. ಹೊಟ್ಟು ಹಾಕಿದ ಗುಂಡು ಸ್ವಲ್ಪ ಹಗುರ ಆಗುತ್ತದೆ. ನಾನು ಮರಳಿಗೇ ಒಲಿದಿದ್ದೇನೆ.

ತೂಕ

ಮಣ್ಣನ್ನು ರೊಟ್ಟಿ ಹಿಟ್ಟಿನಂತೆ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. 55 ಗ್ರಾಂನ ಉಂಡೆಗಳನ್ನು ಮಾಡಿಕೊಳ್ಳಿ. ನನ್ನ ಮಣ್ಣಿಗೆ ಲೆಕ್ಕ ಹೀಗೆ ಬರುತ್ತದೆ: ಹಸಿ 55 ಗ್ರಾಂ, ಒಣಗಿದ ಮೇಲೆ 44, ಸುಟ್ಟ ಮೇಲೆ 41. ಉದ್ದ ಹಸಿಯಲ್ಲಿ 5 ಸೆಂ.ಮೀ. ಇದ್ದದ್ದು ಕೊನೆಗೆ 4.5 ಆಗುತ್ತದೆ, ದಪ್ಪ 3 ಸೆಂ.ಮೀ. ನಿಮ್ಮ ಮಣ್ಣು ಬೇರೆ, ಲೆಕ್ಕವೂ ಸ್ವಲ್ಪ ಬೇರೆಯಾಗುತ್ತದೆ. ಅದಕ್ಕೇ ಮೊದಲು ಐದೇ ಐದು ಮಾಡಿ, ಸುಟ್ಟು, ತೂಗಿ, ಬರೆದಿಟ್ಟುಕೊಳ್ಳಿ.

ತಕ್ಕಡಿ ಇಲ್ಲದೆಯೂ ಮಾಡಬಹುದು, ಮಕ್ಕಳಿದ್ದರೆ ಹಾಗೇ ಮಾಡಿಸಿ. ಒಂದು ಸಪೂರ ಬಿದಿರು ಕಡ್ಡಿಯ ನಡುವೆ ದಾರ ಕಟ್ಟಿ ತೂಗುಬಿಡಿ. ಎರಡೂ ತುದಿಗೆ ಒಂದೊಂದು ತೆಂಗಿನ ಗರಟೆ. ಒಂದು ಗರಟೆಯಲ್ಲಿ ಒಂದು ಕಲ್ಲು. ಆ ಕಲ್ಲಿಗೆ ಸಮ ಆಗುವ ತನಕ ಇನ್ನೊಂದರಲ್ಲಿ ಮಣ್ಣು ಚಿವುಟಿ ಹಾಕಿ, ತೆಗೆದು, ಹಾಕಿ. ಇಪ್ಪತ್ತು ಉಂಡೆ ಆಗುವಷ್ಟರಲ್ಲಿ ಒಂದು ವಿಷಯ ಗೊತ್ತಾಗುತ್ತದೆ. ಕೈ ತಾನಾಗಿಯೇ ಸರಿಯಾದ ತೂಕ ಚಿವುಟಲು ಶುರು ಮಾಡುತ್ತದೆ. ನಮ್ಮ ಪಕ್ಕದ ಮನೆಯ ಹುಡುಗಿ, ಏಳನೇ ಕ್ಲಾಸು, ಮೂವತ್ತನೇ ಉಂಡೆ ಹೊತ್ತಿಗೆ ಗರಟೆ ನೋಡದೆ ಎರಡು ಗ್ರಾಂ ಹೆಚ್ಚುಕಡಿಮೆಯೊಳಗೆ ತೆಗೆಯುತ್ತಿದ್ದಳು. ಅವಳ ಅಮ್ಮ ಚಪಾತಿ ಉಂಡೆ ಮಾಡುವುದೂ ಹೀಗೇ ತಾನೇ? ಸಾವಿರಗಟ್ಟಲೆ ಗುಂಡು ಮಾಡಿದವರ ಕೈ ಹೇಗಿದ್ದಿರಬಹುದು ಅಂತ ನನಗೆ ಅರ್ಥವಾದದ್ದು ಅವತ್ತು.

ಆಕಾರ

ಮೊದಲು ಅಂಗೈಗಳ ನಡುವೆ ದುಂಡಗೆ ಉರುಳಿಸಿ. ಮಡಿಕೆ, ಸೀಳು ಒಂದೂ ಉಳಿಯಬಾರದು. ಮಣ್ಣನ್ನು ಮಡಚಿ ಮಡಚಿ ಉಂಡೆ ಮಾಡಿದರೆ ಆ ಮಡಿಕೆಯೇ ಒಣಗುವಾಗ ಬಾಯಿ ಬಿಡುತ್ತದೆ. ಆಮೇಲೆ ಅಂಗೈಗಳನ್ನು ಸ್ವಲ್ಪ ಓರೆ ಮಾಡಿ, ಹೆಬ್ಬೆರಳ ಬುಡದ ಮಾಂಸಲ ಭಾಗದಿಂದ ಒಂದು ತುದಿಗೆ ಒತ್ತಡ ಕೊಟ್ಟು ಹಿಂದೆ ಮುಂದೆ ಉರುಳಿಸಿ. ನಾಲ್ಕೈದು ಸಲ ಉರುಳಿಸಿದರೆ ತುದಿ ಸಪೂರ ಆಗುತ್ತದೆ. ತಿರುಗಿಸಿ ಇನ್ನೊಂದು ತುದಿಗೂ ಹಾಗೇ ಮಾಡಿ. ಹಣ್ಣಡಿಕೆ ಪಕ್ಕದಲ್ಲಿ ಇಟ್ಟುಕೊಂಡು ನೋಡುತ್ತಾ ಮಾಡಿ. ತುದಿಯನ್ನು ಮುಳ್ಳಿನಂತೆ ಚೂಪು ಮಾಡಬೇಡಿ, ಅದು ಒಣಗುವಾಗಲೇ ಮುರಿಯುತ್ತದೆ.

ರೋಮನ್ನರು ತಮ್ಮ ಸೀಸದ ಕವಣೆಗುಂಡಿಗೆ ಓಕ್ ಮರದ ಕಾಯಿಯ ಹೆಸರನ್ನೇ ಇಟ್ಟಿದ್ದರು. ಅವರ ಕಣ್ಣಿಗೆ ಹಾಗೆ ಕಂಡಿತು. ನಮ್ಮ ಶಿರಸಿಯವರು ಹೆಸರಿಟ್ಟಿದ್ದರೆ ಅಡಿಕೆಯ ಹೆಸರೇ ಆಗುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಈ ಆಕಾರ ಸುಮ್ನೆ ಬಂದದ್ದಲ್ಲ. ಕವಣೆಯ ತೊಟ್ಟಿಲಿನಲ್ಲಿ ಉದ್ದಕ್ಕೆ ಮಲಗಿಸಿದರೆ ದುಂಡನೆಯ ಉಂಡೆಯಂತೆ ಜಾರಿ ಬೀಳುವುದಿಲ್ಲ. ಬಿಡುವಾಗ ತೊಟ್ಟಿಲ ಬದಿಗೆ ಉರುಳಿಕೊಂಡು ಹೊರಟು, ತನ್ನ ಸುತ್ತ ತಾನೇ ತಿರುಗುತ್ತಾ ಹೋಗುತ್ತದೆ. ಬುಗುರಿ ತಿರುಗುವಾಗ ನೆಟ್ಟಗೆ ನಿಲ್ಲುವ ಹಾಗೆ ಇದೂ ಗಾಳಿಯಲ್ಲಿ ಅಡ್ಡಾದಿಡ್ಡಿ ಹೊರಳದೆ ಹೋಗುತ್ತದೆ.

ಆಕಾರ ಸರಿಯಾದ ಕೂಡಲೇ ಒಂದು ಕೆಲಸ ತಪ್ಪದೆ ಮಾಡಿ. ಸೋಗೆ ಕಡ್ಡಿಯ ತುದಿಯಿಂದ ಈ ವರ್ಷದ ಇಸವಿ ಕೊರೆಯಿರಿ. ನಮ್ಮ ಜಿಲ್ಲೆಯಲ್ಲಿ ಬನವಾಸಿಯಂಥ ಜಾಗ ಇದೆ. ನೆಲ ಅಗೆದರೆ ಎಲ್ಲಿ ಬೇಕಾದರೂ ಹಳೇ ಮಡಕೆ ಚೂರು ಸಿಗಬಹುದು. ನೀವು ಬೀಸಿದ ಗುಂಡು ಗದ್ದೆಯಲ್ಲಿ ಹೂತುಹೋಗಿ, ಮುಂದೆ ಯಾರಿಗೋ ಸಿಕ್ಕಿ, ಹಳೆಯದು ಅಂತ ಲೆಕ್ಕಕ್ಕೆ ಬರಬಾರದು. ಹಾಗೇ, ನಿಜವಾದ ಹಳೇ ವಸ್ತು ಎಲ್ಲಾದರೂ ಕಂಡರೆ ಇದ್ದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಮನೆಗೆ ತರಬೇಡಿ.

ಒಣಗಿಸುವುದು

ಬಿಸಿಲಿಗೆ ಇಡಬೇಡಿ. ಮೇಲಿನ ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಹಸಿಯಾಗಿಯೇ ಇರುತ್ತದೆ, ನಡುವೆ ಸೀಳು ಬರುತ್ತದೆ. ಮೊದಲ ನಾಲ್ಕು ದಿನ ಜಗಲಿಯ ನೆರಳಿನಲ್ಲಿ, ಗೋಣಿಚೀಲದ ಮೇಲೆ. ದಿನಕ್ಕೊಮ್ಮೆ ಮಗ್ಗುಲು ತಿರುಗಿಸಿ. ಆಮೇಲೆ ಒಲೆಯ ಮೇಲಿನ ಅಟ್ಟ ಇದ್ದರೆ ಅಲ್ಲಿಗೆ. ಒಟ್ಟು ಹತ್ತು ದಿನ ಬೇಕು.

ಒಣಗಿತೋ ಇಲ್ಲವೋ ಅಂತ ತಿಳಿಯಲು ಗುಂಡನ್ನು ಕೆನ್ನೆಗೆ ಒತ್ತಿ ಹಿಡಿಯಿರಿ. ತಂಪು ಅನ್ನಿಸಿದರೆ ಒಳಗೆ ಇನ್ನೂ ನೀರಿದೆ. ಇನ್ನೂ ಖಚಿತ ಬೇಕಾದರೆ ಒಂದೇ ಗುಂಡನ್ನು ದಿನಾ ತೂಗಿ. ಎರಡು ದಿನ ತೂಕ ಇಳಿಯದಿದ್ದರೆ ಆಯಿತು.

ಇಲ್ಲಿಗೆ ನಿಮ್ಮ ನಲವತ್ತರಲ್ಲಿ ಇಪ್ಪತ್ತನ್ನು ತೆಗೆದು ಬೇರೆ ಇಡಿ. ಅವನ್ನು ಸುಡುವುದು ಬೇಡ. ಹಳೇ ಕಾಲದಲ್ಲಿ ಸುಟ್ಟವೂ ಇದ್ದವು, ಸುಮ್ಮನೆ ಒಣಗಿಸಿದವೂ ಇದ್ದವು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಎಂಬಲ್ಲಿ ಜೌಗಿನ ನಡುವಿದ್ದ ಕಬ್ಬಿಣಯುಗದ ಹಳ್ಳಿಯಲ್ಲಿ ಎರಡೂ ಬಗೆಯವು ಸಿಕ್ಕಿವೆ. ಒಣಗಿಸಿದ್ದು ಬಡಿದ ಕೂಡಲೇ ಒಡೆಯುತ್ತದೆ. ಎದುರಿನವನು ಅದನ್ನೇ ಎತ್ತಿಕೊಂಡು ನಮ್ಮ ಮೇಲೆ ಬೀಸುವ ಹಾಗಿಲ್ಲ. ಕಲಿಯುವವರಿಗೂ ಅದೇ ಸುರಕ್ಷಿತ.

ಸುಡುವುದು

ಗುಂಡು ಬೆಂಕಿಯಲ್ಲಿ ಸಿಡಿಯಲು ಕಾರಣ ಒಳಗೆ ಸಿಕ್ಕಿಕೊಂಡ ಗಾಳಿ ಅಂತ ಬಹಳ ಜನ ಹೇಳುತ್ತಾರೆ. ನಿಜವಾದ ಕಾರಣ ನೀರು. ನೂರು ಡಿಗ್ರಿ ದಾಟಿದ ಕೂಡಲೇ ಒಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತದೆ. ದಾರಿ ಸಿಗದಿದ್ದರೆ ಪಟಾಕಿಯ ಹಾಗೆ ಒಡೆಯುತ್ತದೆ. ಹತ್ತು ದಿನ ಒಣಗಿದರೂ ನಮ್ಮ ಹವೆಯಲ್ಲಿ ಸ್ವಲ್ಪ ತೇವ ಇದ್ದೇ ಇರುತ್ತದೆ. ಅದಕ್ಕೇ ಮೊದಲು ಬಿಸಿ ಕಾಯಿಸಬೇಕು.

ನನಗೆ ಸರಿಯಾಗಿ ಒಗ್ಗಿದ್ದು ಬಚ್ಚಲ ಒಲೆ. ರಾತ್ರಿ ಸ್ನಾನ ಮುಗಿದ ಮೇಲೆ ಹಂಡೆ ಕೆಳಗೆ ಕೆಂಡ ಆರಿ ಬೂದಿ ಬೆಚ್ಚಗೆ ಇರುತ್ತದೆಯಲ್ಲ, ಆಗ ಗುಂಡುಗಳನ್ನು ಬೂದಿಯ ಮೇಲೆ ಹರಡಿ ಬೆಳಗಿನ ತನಕ ಬಿಡುತ್ತೇನೆ. ಎರಡು ರಾತ್ರಿ ಹೀಗೆ ಮಾಡಿದರೆ ಸಾಕು. ಬಚ್ಚಲ ಒಲೆ ಇಲ್ಲದವರು ಅಂಗಳದಲ್ಲಿ ಸಣ್ಣ ಬೆಂಕಿ ಹಾಕಿ, ಎರಡು ಅಡಿ ದೂರದಲ್ಲಿ ಗುಂಡುಗಳನ್ನು ಸುತ್ತ ಜೋಡಿಸಿ. ಮೂರು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಹತ್ತಿರ ತನ್ನಿ, ತಿರುಗಿಸುತ್ತಾ ಇರಿ. ಕೊನೆಗೆ ಇಕ್ಕಳವಿಲ್ಲದೆ ಮುಟ್ಟಲಾಗದಷ್ಟು ಬಿಸಿಯಾಗಬೇಕು.

ಸುಡಲು ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಗುಂಡಿ. ಹುಲ್ಲು, ಸೋಗೆ, ಕೊಟ್ಟಿಗೆ ಯಾವುದೂ ಹತ್ತಿರ ಇರಬಾರದು. ಒಂದು ಕೊಡ ನೀರು ಪಕ್ಕದಲ್ಲಿರಲಿ, ಗಾಳಿ ಇರುವ ದಿನ ಬೇಡವೇ ಬೇಡ. ಮೊದಲು ಖಾಲಿ ಗುಂಡಿಯಲ್ಲಿ ಒಂದು ಗಂಟೆ ಕಟ್ಟಿಗೆ ಉರಿಸಿ, ನೆಲದ ತೇವ ಹೋಗಲಿ. ಬೂದಿಯನ್ನು ತಳಕ್ಕೆ ಹರಡಿ. ಅದರ ಮೇಲೆ ಬೆರಣಿ ಒಂದು ಪದರ, ಮೇಲೆ ಬಿಸಿ ಮಾಡಿದ ಗುಂಡುಗಳು ಒಂದೇ ಪದರ, ಸುತ್ತ ಸಂದಿಯಲ್ಲಿ ಗರಟೆ ಚೂರು. ಮತ್ತೆ ಬೆರಣಿ. ಅದರ ಮೇಲೆ ಅಡಿಕೆ ಸಿಪ್ಪೆ ಅಥವಾ ತೆಂಗಿನ ಸಿಪ್ಪೆ ರಾಶಿ. ಒಡೆದ ಮಡಕೆಯ ಚೂರುಗಳಿದ್ದರೆ ಮೇಲೆ ಅಲ್ಲಲ್ಲಿ ಮುಚ್ಚಿ, ಶಾಖ ನಿಲ್ಲುತ್ತದೆ. ಬೆಂಕಿಯನ್ನು ಮೇಲಿನಿಂದ ಹಚ್ಚಿ. ಉರಿ ಮೆಲ್ಲನೆ ಕೆಳಗೆ ಇಳಿಯುತ್ತದೆ, ಗುಂಡುಗಳಿಗೆ ಒಮ್ಮೆಲೇ ಶಾಖ ತಾಗುವುದಿಲ್ಲ.

ಮುಸ್ಸಂಜೆಗೆ ಹಚ್ಚಿದರೆ ಕತ್ತಲಲ್ಲಿ ಬಣ್ಣ ಕಾಣುತ್ತದೆ. ಎರಡು ಎರಡೂವರೆ ಗಂಟೆ ಹೊತ್ತಿಗೆ ಬೆರಣಿಯ ಸಂದಿಯಲ್ಲಿ ಇಣುಕಿ ನೋಡಿ. ಗುಂಡು ಮಂಕಾಗಿ ಕೆಂಪಗೆ ಹೊಳೆಯುತ್ತಿದ್ದರೆ 600 ಡಿಗ್ರಿ ದಾಟಿದೆ ಅಂತ ಲೆಕ್ಕ. ಮಣ್ಣು ಮತ್ತೆ ಮಣ್ಣಾಗದ ಹಾಗೆ ಬದಲಾಗುವುದು ಈ ಶಾಖದ ಸುತ್ತಮುತ್ತ. ಹೊಳಪು ಕಾಣದಿದ್ದರೆ ಇನ್ನಷ್ಟು ಗರಟೆ ಹಾಕಿ. ಗರಟೆಯ ಉರಿಗೆ ಜೋರು ಇದೆ. ಕೆಂಪು ಬಂದ ಮೇಲೆ ಅರ್ಧ ಗಂಟೆ ಹಾಗೇ ಉಳಿಸಿ, ಆಮೇಲೆ ಬೂದಿ ಮುಚ್ಚಿ ಮಲಗಿಬಿಡಿ. ಬೆಳಗಿನ ತನಕ ಕೆದಕಬೇಡಿ, ನೀರು ಹಾಕಬೇಡಿ. ಬಿಸಿ ಗುಂಡುಗಳಿಗೆ ತಂಪು ಗಾಳಿ ತಾಗಿದರೆ ಟಣ್ ಅಂತ ಸೀಳುತ್ತವೆ.

ಬೆಳಿಗ್ಗೆ ಬೂದಿ ಸರಿಸುವ ಹೊತ್ತು ನನಗೆ ಬಹಳ ಇಷ್ಟ. ಒಂದು ಮಗ್ಗುಲು ಹಂಚಿನಂತೆ ಕೆಂಪು, ಇನ್ನೊಂದು ಮಗ್ಗುಲು ಕಪ್ಪು. ಗಾಳಿ ಸಿಕ್ಕ ಕಡೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಹೊಗೆಯಲ್ಲಿ ಮುಚ್ಚಿಹೋದ ಕಡೆ ಕಪ್ಪಾಗುತ್ತದೆ. ಇದು ದೋಷವಲ್ಲ, ಗುಂಡಿಯಲ್ಲಿ ಸುಟ್ಟ ಗುರುತು.

ಎರಡನ್ನು ಪರೀಕ್ಷೆಗೆ ಬಿಟ್ಟುಕೊಡಿ. ಒಂದನ್ನು ಲೋಟ ನೀರಿನಲ್ಲಿ ರಾತ್ರಿಯಿಡೀ ಹಾಕಿಡಿ. ಬೆಳಿಗ್ಗೆ ಮೈ ಮೆತ್ತಗಾಗಿದ್ದರೆ ಶಾಖ ಸಾಲಲಿಲ್ಲ, ಉಳಿದವನ್ನು ಮತ್ತೆ ಸುಡಿ. ಇನ್ನೊಂದನ್ನು ಸುತ್ತಿಗೆಯಿಂದ ಒಡೆದು ಒಳಗೆ ನೋಡಿ. ನಡುವೆ ಕಪ್ಪು ತಿರುಳು ಇರಬಹುದು. ಒಳಗಿನ ಎಲೆ, ಬೇರಿನ ಅಂಶ ಪೂರ್ತಿ ಉರಿಯಲಿಲ್ಲ ಅಂತ ಅರ್ಥ. ಕವಣೆಗುಂಡಿಗೆ ಅಷ್ಟು ಇದ್ದರೆ ತೊಂದರೆ ಇಲ್ಲ. ಉಳಿದದ್ದನ್ನೆಲ್ಲ ತೂಗಿ. ಎಲ್ಲ ಮೂರು ಗ್ರಾಂ ವ್ಯತ್ಯಾಸದೊಳಗೆ ಇದ್ದರೆ ಕೆಲಸ ಚೆನ್ನಾಗಿ ಬಂತು.

ಬೀಸಿ ನೋಡುವುದು

ನಮ್ಮ ಅಜ್ಜನಿಗೆ ಕವಣೆ ಗೊತ್ತಿತ್ತು. ಗದ್ದೆಯ ಮಾಳದಲ್ಲಿ ಕೂತು ಹಕ್ಕಿ ಓಡಿಸಲು ಬೀಸುತ್ತಿದ್ದರು. ಬಯಲುಸೀಮೆಯ ಜೋಳದ ಹೊಲಗಳಲ್ಲೂ ಇದೇ. ಈಗಿನ ಮಕ್ಕಳಿಗೆ ಕವಣೆ ಅಂದರೆ ರಬ್ಬರಿನ ಚಾಟಿಬಿಲ್ಲು. ಇದು ಅದಲ್ಲ. ಎರಡು ಹುರಿ, ನಡುವೆ ಅಂಗೈ ಅಗಲದ ತೊಟ್ಟಿಲು, ಅಷ್ಟೇ. ಹುರಿ ಹತ್ತಿಯದಾದರೆ ಒಳ್ಳೆಯದು. ತೆಂಗಿನ ನಾರಿನದು ಬೆರಳು ತರಚುತ್ತದೆ. ಒಂದೊಂದು ಹುರಿ ನಿಮ್ಮ ಹೆಗಲಿನಿಂದ ಬೆರಳ ತುದಿಯಷ್ಟು ಉದ್ದ. ಒಂದರ ತುದಿಗೆ ಕುಣಿಕೆ, ಅದು ನಡುಬೆರಳಿಗೆ. ಇನ್ನೊಂದರ ತುದಿಗೆ ಗಂಟು, ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯುವುದು. ತಲೆ ಮೇಲೆ ಹತ್ತು ಸಲ ತಿರುಗಿಸಬೇಕಾಗಿಲ್ಲ. ಒಂದೇ ಸುತ್ತು, ಕೈ ಮುಂದೆ ಚಾಚುವಾಗ ಗಂಟು ಬಿಟ್ಟುಬಿಡಿ.

ಹೊಸಬರ ಕೈಯಿಂದ ಗುಂಡು ಹಿಂದಕ್ಕೂ ಹೋಗುತ್ತದೆ, ಪಕ್ಕಕ್ಕೂ ಹೋಗುತ್ತದೆ. ಹಾಗಾಗಿ ಮುಂದೆ ಮಾತ್ರ ಅಲ್ಲ, ಸುತ್ತಲೂ ಯಾರೂ ಇರಬಾರದು. ಭತ್ತ ಕೊಯ್ದ ಗದ್ದೆ ಬಯಲು ಸರಿ, ಜನ ದನ ಓಡಾಡದ ಬೇಣ ಸರಿ. ಕಾರವಾರದ ಕಡಲದಂಡೆ ಬೇಡ, ಅಲ್ಲಿ ಯಾವ ಹೊತ್ತಿಗೂ ಜನ. ತೋಟದ ಹತ್ತಿರವಂತೂ ಬೇಡ. ಇಷ್ಟು ಸಣ್ಣದು ಏನು ಮಾಡೀತು ಅಂತ ತಿಳಿಯಬೇಡಿ. 1981ರಲ್ಲಿ ಅಮೆರಿಕದಲ್ಲಿ ಒಬ್ಬರು 52 ಗ್ರಾಂ ಕಲ್ಲನ್ನು ಕವಣೆಯಿಂದ 437 ಮೀಟರ್ ದೂರ ಎಸೆದು ದಾಖಲೆ ಮಾಡಿದ್ದಾರೆ. ನಮ್ಮ ಗುಂಡು ಅದಕ್ಕಿಂತ ಸ್ವಲ್ಪ ಹಗುರ ಅಷ್ಟೇ. ಮಕ್ಕಳು ದೊಡ್ಡವರ ಜೊತೆ ಮಾತ್ರ ಬೀಸಲಿ. ತೋಟಕ್ಕೆ ಮಂಗ ಬಂದು ಎಷ್ಟೇ ಹಾಳು ಮಾಡಿದರೂ ಮಂಗಕ್ಕಾಗಲಿ ಹಕ್ಕಿಗಾಗಲಿ ಹೊಡೆಯಬೇಡಿ. ಕಾನೂನಿನ ಪ್ರಕಾರ ಅಪರಾಧ, ಅದಕ್ಕೂ ಮೊದಲು ಅದೊಂದು ಜೀವ.

ಹುಲ್ಲು ತುಂಬಿದ ಗೋಣಿಚೀಲವನ್ನು ಕೋಲಿಗೆ ಕಟ್ಟಿ, ಇಪ್ಪತ್ತು ಹೆಜ್ಜೆ ದೂರದಿಂದ ಶುರು ಮಾಡಿ. ಒಣಗಿಸಿದ ಗುಂಡನ್ನೇ ಬಳಸಿ. ಮೊದಲು ಹತ್ತು ಗುಂಡು, ಆಮೇಲೆ ಹೊಳೆಯಲ್ಲಿ ಆಯ್ದ ಹತ್ತು ಕಲ್ಲು ಬೀಸಿ, ಎರಡೂ ಎಲ್ಲೆಲ್ಲಿ ಬಿದ್ದವು ಅಂತ ಕಡ್ಡಿ ನೆಟ್ಟು ನೋಡಿ. ನನ್ನ ಗುಂಡುಗಳು ಒಂದು ಚಾಪೆಯಷ್ಟು ಜಾಗದಲ್ಲಿ ಬೀಳುತ್ತಿದ್ದವು. ಕಲ್ಲುಗಳು ಗದ್ದೆ ತುಂಬ.

ಬೆಂಕಿಯಲ್ಲಿ ಕಾಯಿಸಿದ ಗುಂಡು ಬೀಸಿದ ಕಥೆಯೂ ಇದೆ. ಕ್ರಿ.ಪೂ. 54ರಲ್ಲಿ, ಇಂದಿನ ಬೆಲ್ಜಿಯಂ ಕಡೆಯ ನೆರ್ವಿ ಜನ ರೋಮನ್ನರ ಶಿಬಿರವನ್ನು ಮುತ್ತಿದಾಗ, ಏಳನೇ ದಿನ ಜೋರು ಗಾಳಿ ಎದ್ದ ಹೊತ್ತು ನೋಡಿ, ಕಾದ ಮಣ್ಣಿನ ಗುಂಡುಗಳನ್ನು ಹುಲ್ಲಿನ ಮಾಡಿನ ಗುಡಿಸಲುಗಳ ಮೇಲೆ ಬೀಸಿದರು ಅಂತ ಸೀಸರ್ ಬರೆದಿದ್ದಾನೆ. ಸೋಗೆ ಮಾಡಿನ ಕೆಳಗೆ ಬೆಳೆದ ನಮ್ಮ ಹಿರಿಯರಿಗೆ ಇದನ್ನು ಓದಿ ಹೇಳಿದರೆ ಸಾಕು, ಆ ದಿಗಿಲು ಏನು ಅಂತ ವಿವರಿಸುವುದೇ ಬೇಡ. ಇದನ್ನು ಮಾತ್ರ ಯಾರೂ ಮಾಡಿ ನೋಡಲು ಹೋಗಬೇಡಿ.

ಬೀಸಿ ಮುಗಿದ ಮೇಲೆ ಗದ್ದೆ ಸುತ್ತಿ, ಒಡೆದ ಒಣಗುಂಡಿನ ಚೂರುಗಳನ್ನೆಲ್ಲ ಒಂದು ಬುಟ್ಟಿಗೆ ಆಯ್ದುಕೊಳ್ಳಿ. ಸುಟ್ಟವು ಸಿಕ್ಕರೆ ಅವನ್ನು ಬೇರೆ ಇಡಿ, ಅವು ಇನ್ನು ಕರಗುವುದಿಲ್ಲ. ಒಣ ಚೂರುಗಳನ್ನು ಮೊದಲಿನ ಬಕೆಟ್ಟಿಗೇ ಹಾಕಿ ನೀರು ಸುರಿಯಿರಿ. ಸಣ್ಣ ಗುಳ್ಳೆ ಬಿಡುತ್ತಾ ಅವು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಸಂಜೆಗೆ ಕೈಯಾಡಿಸಿದರೆ ಮತ್ತೆ ಗಂಜಿ. ಮರಳು ಮೊದಲೇ ಸೇರಿರುವುದರಿಂದ ಈ ಸಲ ಸೋಸಬೇಡಿ, ಹಾಗೇ ಪಂಚೆಯಲ್ಲಿ ಕಟ್ಟಿ ತೂಗುಹಾಕಿ.